ಎಂಟು ಹಾಕುತ್ತ ಪಳಗಿದ ಇಂಪಾಲಾ

ಫೆಬ್ರವರಿಯ ಬೆಳಗಿನ ಜಾವ. ಗುರುಗ್ರಾಮದ ಸೆಕ್ಟರ್ 29ರ ಖಾಲಿ ಬಯಲಿನಲ್ಲಿ ಮಂಜು ಮೊಣಕಾಲೆತ್ತರಕ್ಕೆ ನಿಂತಿತ್ತು. ಅದರ ನಡುವೆ ಐದೂವರೆ ಮೀಟರ್ ಉದ್ದದ ಶೆವರ್ಲೆ ಇಂಪಾಲಾ, 1965ರ ಮಾಡೆಲ್, ಮನುಷ್ಯ ನಡೆಯುವ ವೇಗದಲ್ಲಿ ಎಂಟು ಹಾಕುತ್ತಿತ್ತು. ಕನ್ನಡದ ೮ ಅಲ್ಲ, ಇಂಗ್ಲಿಷಿನ 8. ಲೈಸೆನ್ಸಿಗಾಗಿ ಆರ್‌ಟಿಒ ಮೈದಾನದಲ್ಲಿ ಹುಡುಗರು ಸ್ಕೂಟರ್ ಮೇಲೆ ಹಾಕುತ್ತಾರಲ್ಲ, ಅದೇ ಎಂಟು. ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು, ಮತ್ತೆ ಎಡಕ್ಕೆ. ಪ್ರತಿ ತಿರುವಿನಲ್ಲೂ ಹಿಂದಿನಿಂದ, ನೆಲಕ್ಕೆ ಹತ್ತಿರದಿಂದ ಒಂದು ಸದ್ದು ಏಳುತ್ತಿತ್ತು: ಗರ್... ಗರ್... ಗರ್... ಎಣ್ಣೆ ಕಾಣದ ಗಾಣದ ಮರ ಒರಲಿದ ಹಾಗೆ.

ಸ್ಟೇರಿಂಗ್ ಹಿಡಿದಿದ್ದವರು ನಮ್ಮ ಅಪಾರ್ಟ್‌ಮೆಂಟಿನ ನಿವೃತ್ತ ಕರ್ನಲ್ ಸಾಹೇಬರು. ಹಿಂದಿನ ಸೀಟಿನಲ್ಲಿ ಕಿವಿ ಕೆಳಗಿಟ್ಟು ಕೂತವನು ನಾನು. ಬಯಲಿನ ನಡುವೆ ಶಾಲು ಹೊದ್ದು ನಿಂತಿದ್ದವರು ಉಸ್ತಾದ್, ಎಪ್ಪತ್ತು ದಾಟಿದ ಮೆಕ್ಯಾನಿಕ್. ಎಡಗೈಯಲ್ಲಿ ಇಪ್ಪತ್ತು ಬೆಣಚುಕಲ್ಲುಗಳು. ಒಂದು ಎಂಟು ಮುಗಿದಾಗಲೆಲ್ಲ ಒಂದು ಕಲ್ಲು ಬಲಗೈಗೆ ಹೋಗುತ್ತಿತ್ತು. ನಾಲ್ಕನೆಯ ಕಲ್ಲಿಗೆ ಕರ್ನಲ್ ಕಾರು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

‘ಉಸ್ತಾದ್, ಈ ಸದ್ದು ಸರಿಯಾ? ಏನಾದರೂ ಮುರೀತಾ ಇಲ್ಲ ತಾನೆ?’

‘ಮುರೀತಾ ಇಲ್ಲ ಕರ್ನಲ್ ಸಾಬ್. ಪರಿಚಯ ಮಾಡಿಕೊಳ್ತಾ ಇವೆ. ನಿಲ್ಲಿಸಬೇಡಿ, ಹೀಗೇ ನಿಧಾನ ನಡೀರಿ.’

ಅವರು ಹೇಳಿದ್ದು ಹಿಂದಿಯಲ್ಲಿ. ನನ್ನೊಳಗೆ ಅದಕ್ಕೊಂದು ಕನ್ನಡದ ಮಾತು ತಾನಾಗಿ ಎದ್ದು ನಿಂತಿತು: ಪಳಗಿಸುವುದು. ನಮ್ಮ ಮನೆಯವರು ಮೈಸೂರಿನವರು. ಹೊಸ ಕಬ್ಬಿಣದ ಕಾವಲಿ ಮನೆಗೆ ಬಂದ ದಿನ ಅದರಲ್ಲಿ ದೋಸೆ ಹುಯ್ಯುವುದಿಲ್ಲ. ತೊಳೆದು ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಕಾಯಿಸಿ ಆರಿಸುತ್ತಾರೆ. ಮತ್ತೆ ಸವರಿ ಕಾಯಿಸಿ ಆರಿಸುತ್ತಾರೆ. ಈರುಳ್ಳಿ ಉಜ್ಜುತ್ತಾರೆ. ಮೊದಲ ಎರಡು ದೋಸೆ ಯಾರ ತಟ್ಟೆಗೂ ಬರುವುದಿಲ್ಲ. ಅವಸರಪಟ್ಟು ಮೊದಲ ದಿನವೇ ಉರಿ ಜೋರು ಮಾಡಿದರೆ ಎಣ್ಣೆ ಕರಕಲಾಗಿ ಪದರು ಕಟ್ಟುತ್ತದೆ, ಆಮೇಲೆ ಆ ಕಾವಲಿ ಜನ್ಮದಲ್ಲಿ ದೋಸೆ ಬಿಡುವುದಿಲ್ಲ. ಇಂಪಾಲಾದ ಹಿಂದಿನ ಅಚ್ಚಿನೊಳಗೆ ಹೊಸದಾಗಿ ಕೂರಿಸಿದ ಉಕ್ಕಿನ ಬಿಲ್ಲೆಗಳಿಗೂ ಇದೇ ಮಾತು, ಅಕ್ಷರಶಃ ಇದೇ ಮಾತು ಅನ್ವಯಿಸುತ್ತದೆ.

ಆ ಬಿಲ್ಲೆಗಳು ಮಾಡುವ ಕೆಲಸ ತಿಳಿಯಬೇಕಾದರೆ ಮೊದಲು ಡಿಫರೆನ್ಷಿಯಲ್ ಅರ್ಥವಾಗಬೇಕು. ಲಾರಿಯ ಹಿಂದೆ ನಿಂತಾಗ ಎರಡು ಗಾಲಿಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಬುರುಡೆ ಕಾಣುತ್ತದಲ್ಲ, ಅದರೊಳಗೆ ಇರುವುದು ಅದು. ಮೈಸೂರಿನ ಹೂಟಗಳ್ಳಿಯಲ್ಲಿ 1981ರಲ್ಲಿ ಶುರುವಾದ ಆಟೊಮೋಟಿವ್ ಆಕ್ಸಲ್ಸ್ ಕಾರ್ಖಾನೆ ಇಂಥ ಅಚ್ಚುಗಳನ್ನೇ ತಯಾರಿಸುತ್ತದೆ. ಆದರೆ ಅದರ ತತ್ತ್ವ ನನಗೆ ಹೊಳೆದದ್ದು ಕಾರ್ಖಾನೆಯಲ್ಲಿ ಅಲ್ಲ, ರೋಣ ತಾಲ್ಲೂಕಿನ ನಮ್ಮ ಕಣದಲ್ಲಿ. ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ನೆಟ್ಟು, ಅದಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ ಹಂತಿ ಹೊಡೆಯುವುದನ್ನು ನೋಡಿದವರಿಗೆ ಇದು ಗೊತ್ತು. ಮೇಟಿಗೆ ಹತ್ತಿರದ ಎತ್ತು ನಿಂತಲ್ಲೇ ತಿರುಗಿದ ಹಾಗೆ ಹೆಜ್ಜೆ ಹಾಕುತ್ತದೆ, ಹೊರತುದಿಯ ಎತ್ತು ಹೆಚ್ಚುಕಡಿಮೆ ಓಡುತ್ತದೆ. ಎರಡೂ ಸುತ್ತುವುದು ಒಂದೇ ಕಣವನ್ನು, ಒಂದೇ ಹೊತ್ತಿನಲ್ಲಿ. ಕಾರು ತಿರುಗುವಾಗಲೂ ಹಾಗೇ, ಒಳಗಿನ ಗಾಲಿಗೆ ಕಡಿಮೆ ದಾರಿ, ಹೊರಗಿನದಕ್ಕೆ ಹೆಚ್ಚು. ಎರಡನ್ನೂ ಒಂದೇ ಸರಳಿಗೆ ಬಿಗಿದರೆ ಯಾವುದಾದರೊಂದು ಟೈರ್ ನೆಲ ಉಜ್ಜಲೇಬೇಕು. ಅವೆರಡಕ್ಕೂ ಬೇರೆ ಬೇರೆ ವೇಗ ಕೊಡುವ ಹಲ್ಲುಗಾಲಿಗಳ ಜೋಡಣೆಗೆ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲೇ ಪೇಟೆಂಟ್ ಪಡೆದಿದ್ದ. ಆಗ ಪೆಟ್ರೋಲ್ ಕಾರೇ ಇರಲಿಲ್ಲ, ಅವನು ಮಾಡಿದ್ದು ಉಗಿಬಂಡಿಗಾಗಿ.

ಈ ಜೋಡಣೆಗೆ ಒಂದು ದೌರ್ಬಲ್ಯ ಹುಟ್ಟಿನಿಂದಲೇ ಇದೆ. ಅದು ಎರಡೂ ಗಾಲಿಗಳಿಗೆ ಯಾವಾಗಲೂ ಸಮನಾದ ತಿರುಚುಬಲವನ್ನೇ ಹಂಚುತ್ತದೆ. ಒಂದು ಗಾಲಿ ಕೆಸರಿಗೋ ಮರಳಿಗೋ ಇಳಿದು ಹಿಡಿತ ಕಳೆದುಕೊಂಡರೆ, ಅದನ್ನು ಸುಮ್ಮನೆ ತಿರುಗಿಸಲು ಎಷ್ಟು ಬಲ ಸಾಕೋ ಅಷ್ಟೇ ಬಲ ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಸಿಗುತ್ತದೆ. ಮರಳಿನ ಗಾಲಿ ಬರ್ರೆಂದು ಸುತ್ತುತ್ತದೆ, ಗಟ್ಟಿ ನೆಲದ ಗಾಲಿ ಕಲ್ಲಾಗಿ ಕೂರುತ್ತದೆ. ಎಂಜಿನ್ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ.

ಮೂವತ್ತರ ದಶಕದಲ್ಲಿ ಆಟೊ ಯೂನಿಯನ್ ರೇಸ್ ಕಾರುಗಳನ್ನು ರೂಪಿಸುತ್ತಿದ್ದ ಫರ್ಡಿನಾಂಡ್ ಪೋರ್ಷೆಯನ್ನು ಕಾಡಿದ್ದು ಇದೇ. ಕೆಸರಿಲ್ಲದಿದ್ದರೂ ಎಂಜಿನ್ನಿನ ಕಸುವಿಗೇ ತಿರುವಿನಲ್ಲಿ ಒಂದು ಗಾಲಿ ಜಾರಿ ಸುತ್ತುತ್ತಿತ್ತು. 1935ರಲ್ಲಿ ಅವರು ಜರ್ಮನಿಯ ಝಡ್‌ಎಫ್ ಕಂಪನಿಗೆ ಹೇಳಿ, ಜಾರುವಿಕೆಗೆ ಮಿತಿ ಹಾಕುವ ಡಿಫರೆನ್ಷಿಯಲ್ ಮಾಡಿಸಿದರು. ಲಿಮಿಟೆಡ್ ಸ್ಲಿಪ್ ಅನ್ನುವ ಹೆಸರಿನ ಅರ್ಥ ಅಷ್ಟೇ. ಅಮೆರಿಕದ ಸಾಮಾನ್ಯ ಕಾರುಗಳಿಗೆ ಅದು ಬಂದದ್ದು 1956ರಲ್ಲಿ, ಪ್ಯಾಕಾರ್ಡ್ ಮೂಲಕ. ಮರುವರ್ಷ ಶೆವರ್ಲೆ ತನ್ನ ಕಾರುಗಳಿಗೆ ಪಾಸಿಟ್ರ್ಯಾಕ್ಷನ್ ಅನ್ನುವ ಹೆಸರಿನಲ್ಲಿ ಕೊಡತೊಡಗಿತು. ಇದು ಕೇಳಿ ಹಾಕಿಸಿಕೊಳ್ಳಬೇಕಾದ, ಹೆಚ್ಚುವರಿ ಹಣ ಕೊಡಬೇಕಾದ ಸೌಕರ್ಯ. 1965ರಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಂಪಾಲಾಗಳು ಮಾರಾಟವಾದವು. ಅವುಗಳಲ್ಲೊಂದಕ್ಕೆ ಅದನ್ನು ಕೇಳಿ ಹಾಕಿಸಿಕೊಂಡವನು ಹಿಮ ಬೀಳುವ ಊರಿನವನೇ ಇರಬೇಕೆಂಬುದು ನನ್ನ ಊಹೆ. ಆ ಕಾರು ಬಂದು ತಲುಪಿದ್ದು ಮಾತ್ರ ದೆಹಲಿಯ ಚಾಣಕ್ಯಪುರಿಗೆ.

ಆ ಕಾಲದಲ್ಲಿ ವಿದೇಶಿ ಕಾರು ಬೇಕೆಂದವರಿಗೆ ದೆಹಲಿಯಲ್ಲಿ ಇದ್ದ ಮುಖ್ಯ ದಾರಿ ಒಂದೇ. ರಾಯಭಾರ ಕಚೇರಿಗಳವರು ತರಿಸಿ, ಬಳಸಿ, ವರ್ಗವಾಗಿ ಹೋಗುವಾಗ ಬಿಟ್ಟುಹೋದ ಕಾರುಗಳು 1956ರಲ್ಲಿ ಸ್ಥಾಪನೆಯಾದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಮೂಲಕ ಮಾರಾಟಕ್ಕೆ ಬರುತ್ತಿದ್ದವು. ಕರ್ನಲ್ ಅವರ ತಂದೆ ಈ ಕಾರನ್ನು ಕೊಂಡದ್ದು ಹಾಗೆ. ಬೀದಿಯಲ್ಲಿ ಅಂಬಾಸಡರ್, ಫಿಯೆಟ್ ಬಿಟ್ಟರೆ ಬೇರೆ ಕಾರಿಲ್ಲದ ಕಾಲಕ್ಕೆ ಅದು ಹಡಗಿನಂತೆ ಕಾಣುತ್ತಿತ್ತಂತೆ. ಕರ್ನಲ್ ಮದುವೆಯ ದಿಬ್ಬಣ ಹೋದದ್ದೂ ಅದರಲ್ಲೇ.

ಎರಡು ವರ್ಷದ ಹಿಂದೆ ನಾವಿಬ್ಬರೂ ತಾವಡೂ ಕಡೆಗೆ ಹೊರಟಿದ್ದೆವು. ಅಲ್ಲಿ 2013ರಲ್ಲಿ ತೆರೆದ ಹೆರಿಟೇಜ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಇದೆ. ಪಲ್ಲಕ್ಕಿ, ಎತ್ತಿನ ಗಾಡಿಯಿಂದ ರೈಲುಬೋಗಿ, ವಿಮಾನದವರೆಗೆ ಈ ನಾಡಿನ ಜನ ಓಡಾಡಿದ ವಾಹನಗಳನ್ನೆಲ್ಲ ಒಂದೇ ಸೂರಿನಡಿ ಇಟ್ಟಿದ್ದಾರೆ. ಧರ್ಮಸ್ಥಳದ ಕಾರುಗಳನ್ನೂ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯವನ್ನೂ ನೋಡಿ ಖುಷಿಪಟ್ಟವರು ದೆಹಲಿಗೆ ಬಂದಾಗ ಇದಕ್ಕೂ ಒಂದು ದಿನ ಇಟ್ಟುಕೊಳ್ಳಬೇಕು. ಸೋಹ್ನಾ ದಾಟಿ ಅರಾವಳಿಯ ದಿಬ್ಬ ಏರುವಾಗ ಎದುರಿಗೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಬಂತು, ರಸ್ತೆಯ ಅಗಲಕ್ಕಿಂತ ಹುಲ್ಲಿನ ಅಗಲವೇ ಹೆಚ್ಚು. ಕರ್ನಲ್ ಎಡಕ್ಕೆ ಇಳಿಸಿದರು. ಎಡ ಹಿಂಗಾಲಿ ಮರಳಿನಲ್ಲಿ ಹೂತಿತು. ಆಕ್ಸಲರೇಟರ್ ಒತ್ತಿದರೆ ಅದೊಂದೇ ಸುತ್ತಿತು, ಮರಳು ಹಿಂದಕ್ಕೆ ಚಿಮ್ಮಿತು, ಡಾಂಬರಿನ ಮೇಲಿದ್ದ ಬಲಗಾಲಿ ಅಲುಗಲಿಲ್ಲ. ಟ್ರ್ಯಾಕ್ಟರಿನವರೇ ಇಳಿದು ನೂಕಿದರು. ಪಾಸಿಟ್ರ್ಯಾಕ್ಷನ್ ಇರುವ ಕಾರು ಹೀಗೆ ಸಿಕ್ಕಿಹಾಕಿಕೊಳ್ಳಬಾರದು. ಅದು ಸತ್ತಿದೆ ಅನ್ನುವುದು ನಮಗೆ ಗೊತ್ತಾದದ್ದು ಆ ಮಧ್ಯಾಹ್ನ.

ಉಸ್ತಾದ್ ಅವರ ಗ್ಯಾರೇಜು ಕಾಶ್ಮೀರಿ ಗೇಟ್ ಕಡೆಯ ಒಂದು ಗಲ್ಲಿಯಲ್ಲಿ. ಬುರುಡೆಯ ಎಣ್ಣೆ ಇಳಿಸಿ ಮೂಗಿನ ಹತ್ತಿರ ತಂದವರೇ ಅವರು ಮುಖ ತಿರುಗಿಸಿದರು. ಸುಟ್ಟ ವಾಸನೆ. ಒಳಗಿನ ಬಿಲ್ಲೆಗಳು ಕನ್ನಡಿಯ ಹಾಗೆ ನುಣ್ಣಗೆ ಹೊಳೆಯುತ್ತಿದ್ದವು, ಅಂಚಿನಲ್ಲಿ ನೀಲಿಗಟ್ಟಿದ್ದವು. ಉಕ್ಕು ನೀಲಿಯಾಯಿತೆಂದರೆ ಮಿತಿಮೀರಿ ಕಾದಿದೆ ಎಂದರ್ಥ. ಹಿಂದೊಮ್ಮೆ ಯಾವುದೋ ಗ್ಯಾರೇಜಿನವರು ಲಾರಿಗೆ ಹಾಕುವ ಮಾಮೂಲಿ ಗಿಯರ್ ಆಯಿಲ್ ತುಂಬಿಬಿಟ್ಟಿದ್ದರು. ಈ ಡಿಫರೆನ್ಷಿಯಲ್‌ಗೆ ಬೇರೆಯೇ ಎಣ್ಣೆ ಬೇಕೆಂದು ಹೇಳುವ ಒಂದು ತಗಡಿನ ಚೀಟಿಯನ್ನು ಕಾರ್ಖಾನೆಯವರು ಎಣ್ಣೆ ತುಂಬುವ ಬೋಲ್ಟಿಗೇ ಸಿಕ್ಕಿಸಿ ಕಳಿಸುತ್ತಿದ್ದರು. ನಮ್ಮ ಕಾರಿನಲ್ಲಿ ಅದು ಯಾವ ಕಾಲಕ್ಕೆ ಕಳಚಿ ಬಿದ್ದಿತ್ತೋ! ನನಗೆ ಆ ಗ್ಯಾರೇಜಿನವರ ಮೇಲೆ ಸಿಟ್ಟು ಬರಲಿಲ್ಲ, ಸಂಕಟವಾಯಿತು. ಅವರಿಗೆ ಹೇಳುವವರೇ ಯಾರೂ ಇರಲಿಲ್ಲ.

ಆ ಎಣ್ಣೆಯ ಕಥೆ ಸ್ವಲ್ಪ ಹೇಳಲೇಬೇಕು. ಬುರುಡೆಯೊಳಗೆ ಎರಡು ಬದಿಗೂ ಒಂದೊಂದು ಬಿಲ್ಲೆಗಳ ಕಟ್ಟು ಇರುತ್ತದೆ. ಒಂದು ಬಿಟ್ಟು ಒಂದು ಬಿಲ್ಲೆ ಗಾಲಿಯ ಕಡೆಯ ಹಲ್ಲಿಗೆ ಸಿಕ್ಕಿರುತ್ತದೆ, ಉಳಿದವು ಹೊರಗಿನ ಗೂಡಿಗೆ. ನಡುವಿನ ಸ್ಪ್ರಿಂಗುಗಳು ಅವನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತವೆ. ನೇರ ಹೋಗುವಾಗ ಎಲ್ಲ ಒಟ್ಟಿಗೆ ತಿರುಗುತ್ತವೆ. ತಿರುವಿನಲ್ಲಿ ಒಂದರ ಮೇಲೊಂದು ಜಾರಬೇಕು. ಒಂದು ಗಾಲಿ ಮರಳಿಗೆ ಬಿದ್ದಾಗ ಜಾರಲು ಬಿಡದೆ ಹಿಡಿಯಬೇಕು. ಜಾರಲೂ ಬೇಕು, ಹಿಡಿಯಲೂ ಬೇಕು. ಬರೀ ಗಿಯರ್ ಆಯಿಲ್‌ನಲ್ಲಿ ಬಿಲ್ಲೆಗಳು ನಿಂತಿದ್ದಾಗ ಬಿಗಿಯಾಗಿ ಕಚ್ಚಿಕೊಂಡು, ಜಾರಲು ಶುರುವಾದೊಡನೆ ಸಡಿಲವಾಗಿ, ಮತ್ತೆ ಕಚ್ಚಿ, ಮತ್ತೆ ಬಿಡುತ್ತವೆ. ಗರ್ ಗರ್ ಎನ್ನುವ ಸದ್ದು ಅದೇ. ಇದನ್ನು ತಪ್ಪಿಸಿ ಕಚ್ಚುವುದೂ ಜಾರುವುದೂ ಒಂದರೊಳಗೊಂದು ನಯವಾಗಿ ಸೇರುವ ಹಾಗೆ ಮಾಡುವ ಒಂದು ಕೂಡಿಕೆಯ ದ್ರವ ಇದೆ. ಎರಡು ಲೀಟರಿನಷ್ಟು ಎಣ್ಣೆಗೆ ನಾಲ್ಕು ಔನ್ಸ್, ಅಂದರೆ 118 ಮಿಲಿಲೀಟರ್ ಸಾಕು. ಇಂಪಾಲಾ ತಯಾರಾದ ಕಾಲದಲ್ಲಿ ಅಮೆರಿಕದ ಆಟೊಮ್ಯಾಟಿಕ್ ಗಿಯರ್‌ಬಾಕ್ಸ್ ಎಣ್ಣೆಗಳಲ್ಲಿ ಈ ಗುಣಕ್ಕಾಗಿ ಬಳಸುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆ. 1970ರಲ್ಲಿ ಅಲ್ಲಿನ ಸರ್ಕಾರ ಆ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ ಮೇಲೆ ರಸಾಯನತಜ್ಞರು ಅದರ ಗುಣವನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಬೇಕಾಯಿತು. ಸಾಗರದ ಆಳದ ಒಂದು ಪ್ರಾಣಿಯ ನೆಣದಲ್ಲಿ ಕಾರುಗಳು ಓಡಿದವು ಅನ್ನುವುದನ್ನು ನೆನೆದರೆ ನನಗೆ ಈಗಲೂ ಎದೆ ಭಾರವಾಗುತ್ತದೆ.

ಬೇರಿಂಗುಗಳು ಕಾಶ್ಮೀರಿ ಗೇಟಿನಲ್ಲೇ ಸಿಕ್ಕವು. ಬೇರಿಂಗಿಗೆ ದೇಶವಿಲ್ಲ, ಮೈಮೇಲೆ ಕೊರೆದ ನಂಬರ್ ಓದಲು ಬಂದರೆ ಸಾಕು, ಅದೇ ಅಳತೆಯದು ಯಾವುದಾದರೂ ಅಂಗಡಿಯ ಅಟ್ಟದ ಮೇಲಿರುತ್ತದೆ. ಬಿಲ್ಲೆಗಳು ಮಾತ್ರ ಅಮೆರಿಕದಿಂದ ಬಂದವು. ಕ್ರೌನ್, ಪಿನಿಯನ್ ಎಂಬ ಎರಡು ಹಲ್ಲುಗಾಲಿಗಳನ್ನು ಉಸ್ತಾದ್ ಬದಲಾಯಿಸಲು ಬಿಡಲಿಲ್ಲ. ಕಾರ್ಖಾನೆಯಲ್ಲಿ ಜೋಡಿಯಾಗಿ ಉಜ್ಜಿ ಹೊಂದಿಸಿದವು, ಅರವತ್ತು ವರ್ಷ ಒಟ್ಟಿಗೆ ಸವೆದವು, ಹಲ್ಲು ಇನ್ನೂ ಗಟ್ಟಿಯಾಗಿದೆ, ಬೇರೆ ಮಾಡುವುದು ಪಾಪ ಅಂದರು. ಹಲ್ಲಿಗೆ ನೀಲಿ ಬಣ್ಣ ಸವರಿ, ಕೈಯಿಂದ ತಿರುಗಿಸಿ, ಎಲ್ಲಿ ಒತ್ತು ಬೀಳುತ್ತದೆ ನೋಡಿ, ಕಾಗದಕ್ಕಿಂತ ತೆಳುವಾದ ಶಿಮ್ ಬದಲಾಯಿಸಿ, ಮತ್ತೆ ಬಣ್ಣ ಸವರಿ ನೋಡುವುದರಲ್ಲೇ ಎರಡು ದಿನ ಹೋಯಿತು. ಹೊಸ ಬಿಲ್ಲೆಗಳನ್ನು ಜೋಡಿಸುವ ಹಿಂದಿನ ರಾತ್ರಿ ಆ ಕೂಡಿಕೆ ದ್ರವ ಬೆರೆಸಿದ ಎಣ್ಣೆಯಲ್ಲಿ ನೆನೆಹಾಕಿ, ಮುಚ್ಚಳ ಮುಚ್ಚಿಟ್ಟರು. ಉದ್ದಿನಬೇಳೆ ನೆನೆಹಾಕಿದಷ್ಟೇ ಸಹಜವಾಗಿ. ಒಣ ಬಿಲ್ಲೆ ಜೋಡಿಸಿದರೆ ಮೊದಲ ತಿರುವಿನಲ್ಲೇ ಗೀರು ಬೀಳುತ್ತದೆ.

ಜೋಡಣೆಯಾದ ಮೇಲೆ ಒಂದು ಪರೀಕ್ಷೆ. ಎಂಜಿನ್ ನಿಲ್ಲಿಸಿ, ಗಿಯರ್ ನ್ಯೂಟ್ರಲ್‌ಗೆ ಹಾಕಿ, ಒಂದು ಹಿಂಗಾಲಿಯನ್ನು ನೆಲದಲ್ಲಿ ಬಿಟ್ಟು ಇನ್ನೊಂದನ್ನು ಎತ್ತಿ, ಟಾರ್ಕ್ ರೆಂಚ್ ಹಾಕಿ ತಿರುಗಿಸುವುದು. ಎಷ್ಟು ಬಲಕ್ಕೆ ಬಿಲ್ಲೆಗಳು ಬಿಟ್ಟುಕೊಡುತ್ತವೆ ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಇಂಥ ಕಾರುಗಳನ್ನು ಇಟ್ಟುಕೊಂಡವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಂದು ಗಾಲಿಯನ್ನು ಜಾಕ್ ಮೇಲೆ ಎತ್ತಿ ಎಂಜಿನ್ ಚಾಲೂ ಮಾಡಿ ಗಿಯರ್ ಹಾಕುವ ಅಭ್ಯಾಸ ಬಹಳ ಗ್ಯಾರೇಜುಗಳಲ್ಲಿದೆ. ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಎತ್ತಿದ ಗಾಲಿ ಸುಮ್ಮನೆ ಸುತ್ತುತ್ತದೆ. ಇದರಲ್ಲಿ ನೆಲದ ಮೇಲಿರುವ ಗಾಲಿಗೂ ಬಲ ಹೋಗುತ್ತದೆ, ಕಾರು ಜಾಕ್ ಬಿಟ್ಟು ಮುಂದಕ್ಕೆ ಹಾರುತ್ತದೆ. ಕೆಳಗೆ ಯಾರಾದರೂ ಇದ್ದರೆ ಪ್ರಾಣವೇ ಹೋಗುತ್ತದೆ. ಎತ್ತುವುದಾದರೆ ಎರಡೂ ಗಾಲಿ ಎತ್ತಬೇಕು, ಅದೂ ಸ್ಟ್ಯಾಂಡಿನ ಮೇಲೆ.

ಹೀಗೆ ತಯಾರಾದ ಕಾರು ಬಯಲಿನಲ್ಲಿ ಎಂಟು ಹಾಕುತ್ತಿತ್ತು. ಎಂಟೇ ಏಕೆ? ಹಿಂದಿನ ಸೀಟಿನಲ್ಲಿ ಕೂತು ನಾನೊಂದು ಲೆಕ್ಕ ಹಾಕಿದೆ. ಇಂಪಾಲಾದ ಎರಡು ಹಿಂಗಾಲಿಗಳ ನಡುವಿನ ಅಂತರ ಸುಮಾರು 1.6 ಮೀಟರ್. ಒಂದು ಪೂರ್ತಿ ಸುತ್ತು ಹಾಕಿದಾಗ ಹೊರಗಾಲಿ ಒಳಗಾಲಿಗಿಂತ ಸುಮಾರು 10 ಮೀಟರ್ ಹೆಚ್ಚು ದಾರಿ ನಡೆಯುತ್ತದೆ. ಸುತ್ತು ಚಿಕ್ಕದಿರಲಿ ದೊಡ್ಡದಿರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ, ಎರಡು ವೃತ್ತಗಳ ಪರಿಧಿಯ ಲೆಕ್ಕ ಅದು. ಟೈರಿನ ಸುತ್ತಳತೆಯಿಂದ ಭಾಗಿಸಿದರೆ ನಾಲ್ಕೂವರೆ ತಿರುಗು ಆಯಿತು. ಇಪ್ಪತ್ತು ಎಂಟು ಅಂದರೆ ನಲವತ್ತು ಸುತ್ತು, ನೂರ ಎಂಬತ್ತು ತಿರುಗು. ಎರಡು ಕಟ್ಟುಗಳೂ ಅದನ್ನು ಸಮವಾಗಿ ಹಂಚಿಕೊಳ್ಳುತ್ತವೆ, ತಲಾ ತೊಂಬತ್ತು. ಅದೇ ಕಾರನ್ನು ಯಮುನಾ ಎಕ್ಸ್‌ಪ್ರೆಸ್‌ವೇ ಮೇಲೆ 165 ಕಿಲೋಮೀಟರ್ ನೇರ ಓಡಿಸಿಕೊಂಡು ಆಗ್ರಾಕ್ಕೆ ಹೋದರೂ ಬಿಲ್ಲೆಗಳು ಒಂದರ ಮೇಲೊಂದು ಇಷ್ಟು ಜಾರುವುದಿಲ್ಲ. ಹೊಸ ಬಿಲ್ಲೆಯ ಮೈಮೇಲಿನ ಕಣ್ಣಿಗೆ ಕಾಣದ ಉಬ್ಬುಗಳು ತಗ್ಗಬೇಕು, ಎರಡು ಮುಖಗಳೂ ಪೂರ್ತಿ ಕೂಡಬೇಕು, ಸಂದುಗಳಿಗೆ ಎಣ್ಣೆ ಇಳಿಯಬೇಕು. ಅದಕ್ಕೆ ಬೇಕಾದದ್ದು ದೂರವಲ್ಲ, ತಿರುವು. ನಿಧಾನವಾದ ತಿರುವು, ಏಕೆಂದರೆ ಜೋರಾಗಿ ಜಾರಿದರೆ ಬಿಸಿಯೇರಿ ಮೈ ಗಾಜಿನಂತಾಗಿಬಿಡುತ್ತದೆ, ಜೋರು ಉರಿಯ ಕಾವಲಿಯ ಹಾಗೆ.

ಲುಟೆನ್ಸ್ ದೆಹಲಿಯ ವೃತ್ತಗಳಲ್ಲಿ ಸುತ್ತಿದರೆ ಆಗದೇ ಎಂದು ನಾನು ಕೇಳಿದ್ದೆ. ವಿಂಡ್ಸರ್ ಪ್ಲೇಸ್, ಗೋಲ್ ಡಾಕ್‌ಖಾನಾ, ಎಂಥ ಚಂದದ ವೃತ್ತಗಳು! ಉಸ್ತಾದ್ ತಲೆಯಾಡಿಸಿ ಗಾಳಿಯಲ್ಲಿ ಬೆರಳಿಂದ ಒಂದೇ ದಿಕ್ಕಿಗೆ ಸುತ್ತು ಹಾಕಿ ತೋರಿಸಿದರು. ಎಡಗಡೆ ಸಂಚಾರದ ನಮ್ಮ ದೇಶದಲ್ಲಿ ಎಲ್ಲ ವೃತ್ತಗಳೂ ಪ್ರದಕ್ಷಿಣೆಯವೇ. ಬಿಲ್ಲೆಗಳಿಗೆ ಅಪ್ರದಕ್ಷಿಣೆಯೂ ಬೇಕು. ಒಂದೇ ದಿಕ್ಕಿಗೆ ಉಜ್ಜಿದರೆ ಒಂದೇ ದಿಕ್ಕಿಗೆ ನಯವಾಗುತ್ತವೆ.

ಹನ್ನೊಂದನೆಯ ಕಲ್ಲಿನ ಹೊತ್ತಿಗೆ ಗರ್ ಗರ್ ಸಣ್ಣದಾಯಿತು. ಹದಿನೈದಕ್ಕೆ ಬಲ ತಿರುವಿನಲ್ಲಿ ಮಾತ್ರ ಕೇಳುತ್ತಿತ್ತು. ಇಪ್ಪತ್ತನೆಯ ಕಲ್ಲು ಕೈ ಬದಲಿಸಿದಾಗ ನನಗೆ ಕೇಳಿಸಿದ್ದು ಟೈರಿನಡಿಯ ಜಲ್ಲಿಕಲ್ಲಿನ ಸದ್ದು ಮಾತ್ರ. ಬಯಲಿನ ಕಾವಲುಗಾರ ಅಷ್ಟು ಹೊತ್ತೂ ಬೆಂಕಿ ಕಾಯಿಸುತ್ತ ನೋಡುತ್ತಿದ್ದವನು, ಚಹಾ ತಂದುಕೊಟ್ಟ.

ಆದರೆ ಎಂಟು ಹಾಕಿದ್ದು ಅರ್ಧ ಕೆಲಸ. ಇನ್ನರ್ಧ ರಸ್ತೆಯ ಮೇಲೆ: ಮೊದಲು ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಹಗುರ ಓಟ, ಆಮೇಲೆ ಪೂರ್ತಿ ಆರುವವರೆಗೆ ವಿರಾಮ, ಹೀಗೆ ಮೂರು ನಾಲ್ಕು ಸಲ. ಅದಾದ ಮೇಲೆ 500 ಮೈಲಿ, ಅಂದರೆ 800 ಕಿಲೋಮೀಟರ್ ಮುಗಿಯುವವರೆಗೆ ಭಾರ ಹೇರುವಂತಿಲ್ಲ, ಆಕ್ಸಲರೇಟರ್ ಒಮ್ಮೆಗೇ ತುಳಿಯುವಂತಿಲ್ಲ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವಂತೆಯೂ ಇಲ್ಲ.

ದೆಹಲಿಯ ಸುತ್ತಮುತ್ತ ಹಳೆಯ ಕಾರಿಗೆ 800 ಕಿಲೋಮೀಟರ್ ಹೊಂದಿಸುವುದು ಸುಲಭವಲ್ಲ. 2014ರ ನವೆಂಬರಿನಲ್ಲಿ ಹಸಿರು ನ್ಯಾಯಮಂಡಳಿ 15 ವರ್ಷ ಮೀರಿದ ವಾಹನಗಳನ್ನೂ, 2015ರ ಏಪ್ರಿಲ್‌ನಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳನ್ನೂ ರಸ್ತೆಯಿಂದ ದೂರ ಇಡಲು ಹೇಳಿತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕಟ್ಟುನಿಟ್ಟು ಮಾಡಿತು. 50 ವರ್ಷ ಮೀರಿ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿ ತಂದಿತು. ₹20,000 ಶುಲ್ಕ, ಹತ್ತು ವರ್ಷದ ಅವಧಿ, ನಂಬರ್ ಪ್ಲೇಟಿನ ಮೇಲೆ ‘ವಿಎ’ ಎಂಬ ಗುರುತು. ಇದು ಒಳ್ಳೆಯ ನಿಯಮ ಎಂದೇ ನಾನು ನಂಬುತ್ತೇನೆ, ಇಲ್ಲದಿದ್ದರೆ ಈ ಕಾರುಗಳು ಮಾಯಾಪುರಿಯ ಗುಜರಿಯಲ್ಲಿ ತೂಕಕ್ಕೆ ಹೋಗುತ್ತಿದ್ದವು. ಆದರೆ ಆ ನೋಂದಣಿಯ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ನಿರ್ವಹಣೆ, ಇಷ್ಟಕ್ಕೇ ಅನುಮತಿ. ನಮ್ಮ 800 ಕಿಲೋಮೀಟರ್ ನಿರ್ವಹಣೆಯಲ್ಲದೆ ಮತ್ತೇನು? ಕರ್ನಲ್ ಪ್ರತಿ ಓಟದ ದಿನಾಂಕ, ಮೈಲಿ, ಹೊರಟ ಮತ್ತು ಮರಳಿದ ಸಮಯ ಬರೆದ ಪುಸ್ತಕವನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟರು. ಹೊಗೆಮಂಜು ದಟ್ಟವಾಗಿ ಹಳೆಯ ವಾಹನಗಳಿಗೆ ನಿರ್ಬಂಧ ಬಂದ ವಾರ ಕಾರು ತೆಗೆಯಲೇ ಇಲ್ಲ. ಈ ಊರಿನ ಮಕ್ಕಳ ಎದೆಗೂಡಿನ ವಿಷಯ ಅದು, ಅದರಲ್ಲಿ ಎರಡು ಮಾತಿಲ್ಲ.

ದೆಹಲಿಯಲ್ಲಿ ನಿಧಾನಕ್ಕೇನು ಕೊರತೆ, ಟ್ರಾಫಿಕ್ಕಿನಲ್ಲಿ ನಿಂತರಾಯಿತಲ್ಲ ಎಂದು ಕೇಳಿದವರಿದ್ದಾರೆ. ಅದು ಈ ಕೆಲಸಕ್ಕೆ ಬಾರದ ನಿಧಾನ. ನಿಂತು ಹೊರಟು ನಿಂತು ಹೊರಡುವಾಗ ಬುರುಡೆಗೆ ಗಾಳಿ ತಾಗುವುದಿಲ್ಲ, ಪ್ರತಿ ಸಲ ಹೊರಡುವಾಗಲೂ ಬಿಲ್ಲೆಗಳ ಮೇಲೆ ಒತ್ತು ಬೀಳುತ್ತದೆ. ಅದಕ್ಕೇ 1964ರಿಂದ ನಡೆದು ಬಂದಿರುವ ಸ್ಟೇಟ್ಸ್‌ಮನ್ ವಿಂಟೇಜ್ ಕಾರ್ ರ‍್ಯಾಲಿಗೆ, ಈ ಇಂಪಾಲಾಕ್ಕಿಂತ ಒಂದು ವರ್ಷ ಹಿರಿಯದಾದ ಆ ರ‍್ಯಾಲಿಗೆ, ಕರ್ನಲ್ ಈ ವರ್ಷ ಹೆಸರು ಕೊಡಲಿಲ್ಲ. ಗೆಳೆಯರು ಒತ್ತಾಯ ಮಾಡಿದರು. ಮೆರವಣಿಗೆಯ ಹಾಗೆ ಸಾಲಾಗಿ ತೆವಳುವ ಆ ಓಟಕ್ಕೆ ಪಳಗದ ಬಿಲ್ಲೆಗಳನ್ನು ಒಯ್ಯಲಾರೆ ಎಂದುಬಿಟ್ಟರು. ಎಪ್ಪತ್ತಾರರ ವಯಸ್ಸಿನಲ್ಲಿ ಮುಂದಿನ ವರ್ಷಕ್ಕೆ ಕಾಯುತ್ತೇನೆ ಅನ್ನುವುದು ಸಣ್ಣ ಮಾತಲ್ಲ.

ನಮ್ಮ ದಾರಿ ಭಾನುವಾರ ನಸುಕಿನಲ್ಲಿ ಗುರುಗ್ರಾಮ ಬಿಟ್ಟು ಸೋಹ್ನಾ, ಅಲ್ಲಿಂದ ಅರಾವಳಿ ಹತ್ತಿ ತಾವಡೂ, ಬಿಲಾಸಪುರ, ಹೆದ್ದಾರಿ ಹಿಡಿದು ವಾಪಸು. ತೊಂಬತ್ತು ಕಿಲೋಮೀಟರ್ ಆಸುಪಾಸು. ಸಾಸಿವೆ ಹೊಲಗಳು ಹಳದಿಯಾಗಿದ್ದಾಗ ಶುರುಮಾಡಿದೆವು, ಗೋಧಿ ಕೊಯ್ಲಿಗೆ ಬಂದಾಗ ಮುಗಿಸಿದೆವು. ಮೊದಲ ವಿರಾಮ ಸೋಹ್ನಾದಲ್ಲಿ. ಅಲ್ಲಿ ಗಂಧಕದ ಬಿಸಿನೀರಿನ ಬುಗ್ಗೆ ಇದೆ, ಚರ್ಮರೋಗ ವಾಸಿಯಾಗುತ್ತದೆಂದು ಜನ ಮೀಯಲು ಬರುತ್ತಾರೆ. ಕಾರು ನಿಲ್ಲಿಸಿ ಹಿಂದಕ್ಕೆ ಬಗ್ಗಿದಾಗ ಬಿಸಿಯಾದ ಗಿಯರ್ ಆಯಿಲ್ಲಿನ ವಾಸನೆಯೂ ಅದೇ! ಹಲ್ಲುಗಳ ನಡುವಿನ ಭಾರೀ ಒತ್ತಡದಲ್ಲಿ ಲೋಹ ಲೋಹಕ್ಕೆ ಅಂಟದ ಹಾಗೆ ಕಾಪಾಡಲು ಆ ಎಣ್ಣೆಗೆ ಗಂಧಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ. ಭೂಮಿಯ ಒಡಲಿನಿಂದ ಬಂದ ವಾಸನೆ, ಕಾರಿನ ಒಡಲಿನಿಂದ ಬಂದ ವಾಸನೆ ಎರಡೂ ಒಂದೇ ಗಾಳಿಯಲ್ಲಿ ಸೇರಿದ್ದವು. ಉಸ್ತಾದ್ ಬುರುಡೆಗೆ ಅಂಗೈ ಇಟ್ಟು ತಟ್ಟನೆ ಹಿಂದಕ್ಕೆ ಎಳೆದುಕೊಂಡರು. ಒಂದು ಗಂಟೆ ಕಾದೆವು.

ಎರಡನೆಯ ಭಾನುವಾರ ಅವರ ಅಂಗೈ ಮೂರು ಎಣಿಸುವಷ್ಟು ಹೊತ್ತು ನಿಂತಿತು. ನಾಲ್ಕನೆಯ ಭಾನುವಾರ ಹತ್ತು. ಅದೇ ದಾರಿ, ಅದೇ ವೇಗ, ಹೊರಗಿನ ಹವೆ ಮಾತ್ರ ಮೊದಲಿಗಿಂತ ಬಿಸಿ. ಒಳಗಿನ ತಿಕ್ಕಾಟ ಕಡಿಮೆಯಾಗಿದೆ ಎನ್ನಲು ಉಸ್ತಾದ್‌ಗೆ ಬೇರೆ ಮಾಪಕ ಬೇಕಿರಲಿಲ್ಲ. ತಾವಡೂ ದಿಬ್ಬದಲ್ಲಿ, ಹಿಂದೆ ಸಿಕ್ಕಿಹಾಕಿಕೊಂಡ ಜಾಗದ ಹತ್ತಿರ ಕರ್ನಲ್ ಕಾರು ನಿಧಾನ ಮಾಡಿ ನನ್ನ ಮುಖ ನೋಡಿದರು. ‘ಇಳಿಸಲೇ?’ ಉಸ್ತಾದ್ ಹಿಂದಿನಿಂದ ‘ಐನೂರು ಮೈಲಿ ಆಗಲಿ ಸಾಬ್’ ಅಂದರು. ಇಳಿಸಲಿಲ್ಲ.

ಏಪ್ರಿಲ್‌ನಲ್ಲಿ 500 ಮೈಲಿ ಮುಗಿದ ದಿನ ಕಾರು ಬಿಸಿಯಾಗಿದ್ದಾಗಲೇ ಮೊದಲ ಎಣ್ಣೆ ಇಳಿಸಿದರು. ಬಿಸಿ ಎಣ್ಣೆ ತನ್ನೊಂದಿಗೆ ಪುಡಿಯನ್ನೂ ಒಯ್ಯುತ್ತದೆ. ಬೋಗುಣಿಗೆ ಬಿದ್ದದ್ದು ಬೂದುಬಣ್ಣದ, ಮಿನುಗುವ ಎಣ್ಣೆ. ಉಸ್ತಾದ್ ಅಯಸ್ಕಾಂತದ ತುಂಡೊಂದನ್ನು ಅದರಲ್ಲಿ ಆಡಿಸಿ ಎತ್ತಿದರು. ವಿಭೂತಿಯಂಥ ನುಣ್ಣನೆಯ ಮೆತ್ತು ಅಂಟಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬಹಳ ಹೊತ್ತು ಉಜ್ಜಿದರು. ಚೂರು, ಚಕ್ಕೆ, ಮೊನೆ ಏನೂ ಕೈಗೆ ಚುಚ್ಚಲಿಲ್ಲ. ಮೂಸಿದರು. ಬೋಗುಣಿಯನ್ನು ನನ್ನ ಕಡೆ ಹಿಡಿದರು. ಬರೀ ಗಂಧಕ, ಸುಟ್ಟ ವಾಸನೆ ಇಲ್ಲ.

ಹೊಸ ಎಣ್ಣೆ ತುಂಬಿ, ನಾಲ್ಕು ಔನ್ಸ್ ಕೂಡಿಕೆ ದ್ರವ ಸುರಿದ ಮೇಲೆ ಬೋಲ್ಟ್ ಹಾಕದೆ ಅವರು ಒಳಗೆ ಹೋದರು. ಬೆಂಕಿಪೊಟ್ಟಣದ ಅಗಲದ ಒಂದು ಹಿತ್ತಾಳೆ ತಗಡು, ಅಕ್ಷರ ಕೊರೆಯುವ ಉಕ್ಕಿನ ಅಚ್ಚುಗಳ ಡಬ್ಬಿ, ಸಣ್ಣ ಸುತ್ತಿಗೆ ತಂದರು. ಅಚ್ಚುಗಳು ಇಂಗ್ಲಿಷಿನವು. ಯಾವ ಅಕ್ಷರದ ಮುಂದೆ ಯಾವುದು ಎಂದು ನಾನು ಹೇಳುತ್ತ ಹೋದೆ, ಅವರು ಒಂದೊಂದೇ ಅಚ್ಚು ನಿಲ್ಲಿಸಿ ಒಂದೊಂದೇ ಪೆಟ್ಟು ಕೊಟ್ಟರು. ಲಿಮಿಟೆಡ್ ಸ್ಲಿಪ್ ಎಣ್ಣೆ ಮಾತ್ರ. ಸಾಲು ಸ್ವಲ್ಪ ಡೊಂಕಾಯಿತು. ತಗಡಿಗೆ ತೂತು ಕೊರೆದು, ಬೋಲ್ಟಿಗೆ ಪೋಣಿಸಿ, ಕಾರಿನ ಕೆಳಗೆ ಮಲಗಿ ಬಿಗಿದರು. ಕರ್ನಲ್ ಟಾರ್ಚ್ ಹಿಡಿದು ಬಗ್ಗಿ ನೋಡಿದರು. ‘ಮುಂದೆ ಯಾರು ಈ ಬೋಲ್ಟ್ ಬಿಚ್ಚುತ್ತಾರೋ, ಅವರ ಕಣ್ಣಿಗೆ ಮೊದಲು ಇದು ಬೀಳಬೇಕು’ ಎಂದು ಕೆಳಗಿನಿಂದ ಉಸ್ತಾದ್ ಹೇಳುವುದು ಕೇಳಿಸಿತು.